ಕನ್ನಡವನ್ನೋದುವ ಅಗ್ಗದ ಯಂತ್ರ: ಅದರ ಹುಟ್ಟು, ಬೆಳವಣಿಗೆ

೧

ಕನ್ನಡ ನಾಡಿನಲ್ಲಿ ಕಾವ್ಯವು ಬಹುಕಾಲದವರೆಗೂ ಕಣ್ಣಿಗಿಂತ ಹೆಚ್ಚಾಗಿ ಕಿವಿಗೆ ಸೇರಿದ ವಸ್ತುವಾಗಿದ್ದಿತು. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು, ಪುಸ್ತಕ ಹಿಡಿದು ಕಲಿಯದವರು ಕೂಡ ಈ ನಾಡಿನಲ್ಲಿ ಕಾವ್ಯದ ಮರ್ಮವನ್ನು ಬಲ್ಲವರೆಂದು ಕೊಂಡಾಡಿರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಹಾಗಾದರೆ ಓದು ಬಾರದವರಿಗೆ ಕಾವ್ಯವು ಮುಟ್ಟಿದ ಬಗೆ ಯಾವುದು? ಒಬ್ಬನು ಓದಿದನು, ಹತ್ತು ಮಂದಿ ಕೇಳಿದರು. ಇಷ್ಟೇ ಅದರ ಗುಟ್ಟು. ಗುಡಿಯ ಮಂಟಪದಲ್ಲಿಯೂ ಊರ ಚಾವಡಿಯಲ್ಲಿಯೂ ಗಮಕಿಯು ವಾಚಿಸುವನು, ಬಳಿಯಲ್ಲಿ ಕುಳಿತ ವ್ಯಾಖ್ಯಾನಕಾರನು ಅರ್ಥವನ್ನು ಬಿಡಿಸುವನು; ನೇಗಿಲು ಹಿಡಿದವರೂ ಮಗ್ಗದ ಮುಂದೆ ಕುಳಿತವರೂ ಭೀಮ ದುರ್ಯೋಧನರ ಮಾತುಗಳನ್ನು ಕೇಳಿ ನೆನಪಿನಲ್ಲಿಟ್ಟುಕೊಳ್ಳುವರು.

ನಮ್ಮ ಮುಧೋಳ ಸೀಮೆಯ ಬೆಳಗಲಿಯು ಇಂದು ರನ್ನ ಬೆಳಗಲಿಯೆಂದೇ ಹೆಸರಾಗಿದೆ. ಕ್ರಿ. ಶ. ೯೪೯ರಲ್ಲಿ ಇಲ್ಲಿ ಬಳೆಗಾರರ ಮನೆತನದಲ್ಲಿ ಹುಟ್ಟಿ ಕವಿಚಕ್ರವರ್ತಿಯೆನಿಸಿದ ರನ್ನನ ಗದಾಯುದ್ಧವನ್ನು ಒಮ್ಮೆಯಾದರೂ ಗಟ್ಟಿಯಾಗಿ ಓದಿದವರಿಗೆ, ಅದು ಕಿವಿಗಾಗಿ ಕಟ್ಟಿದ ಕಾವ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆತನಿಂದ ೯೯೩ರಲ್ಲಿ ಅಜಿತಪುರಾಣವನ್ನು ಬರೆಯಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಸಂಗತಿಯು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಜೈನರು ಹೇಳುವ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೂ ಒಂದು. ಆದರೆ ಸಾವಿರ ಓಲೆಯ ಕಟ್ಟುಗಳೂ ಓದಬಲ್ಲವರಿಗೆ ಮಾತ್ರವೇ ಪುಸ್ತಕಗಳು. ಓದಲರಿಯದವನಿಗೂ ಕಣ್ಣಿಲ್ಲದವನಿಗೂ ಅವು ತಾಳೆಯ ಗರಿಗಳೇ ಸರಿ. ಪುಸ್ತಕದ ಜೊತೆಗೆ ಓದುವ ಬಾಯಿಯೊಂದನ್ನೂ ದಾನಮಾಡುವುದು ಅತ್ತಿಮಬ್ಬೆಯ ಕಾಲದಲ್ಲಿ ಯಾರ ಕೈಯಲ್ಲಿಯೂ ಆಗುವಂತಿರಲಿಲ್ಲ.

ಸಾವಿರ ವರ್ಷಗಳ ತರುವಾಯ ಇದೇ ಕನ್ನಡ ನಾಡಿನಲ್ಲಿ ಆ ಕಾರ್ಯಕ್ಕೆ ಕೈಹಾಕಿದವರುಂಟು. ಬರೆದ ಕನ್ನಡವನ್ನು ತಾನೇ ಉಚ್ಚರಿಸಿ ಓದುವ ಅಗ್ಗದ ಗಣಕಯಂತ್ರವೊಂದನ್ನು ಬೆಂಗಳೂರಿನ ವಿದ್ವಾಂಸರು ಇಪ್ಪತ್ತನೆಯ ಶತಮಾನದ ಕಡೆಯಲ್ಲಿ ಯೋಚಿಸಿ, ಇಪ್ಪತ್ತೊಂದನೆಯದರ ಮೊದಲಲ್ಲಿ ಮಾಡಿ ತೋರಿಸಿದರು. ಆ ಯಂತ್ರವು ಈಗ ಅಂಗಡಿಯಲ್ಲಿ ದೊರೆಯುವುದಿಲ್ಲ. ಆದರೂ ಅದರ ದನಿಯ ಕಥೆಯು ನಮಗೆ ಕಲಿಸತಕ್ಕುದು ಬಹಳವಿದೆ. ಅದನ್ನು ಕ್ರಮವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶವು.

೨

ಯಂತ್ರದಿಂದ ಮನುಷ್ಯನ ಮಾತನ್ನು ಹೊರಡಿಸುವ ಆಸೆಯು ಹೊಸದಲ್ಲ. ವಿಯೆನ್ನಾ ನಗರದ ವೊಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಎಂಬವನು ಮಾತನಾಡುವ ಯಂತ್ರವೊಂದನ್ನು ರಚಿಸಿ, ಅದರ ವಿವರವನ್ನು ೧೭೯೧ರಲ್ಲಿ ಪುಸ್ತಕರೂಪವಾಗಿ ಪ್ರಕಟಿಸಿದನು. ಪುಪ್ಫುಸಗಳ ಬದಲಿಗೆ ತಿದಿ, ಗಂಟಲಿನ ತಂತುಗಳ ಬದಲಿಗೆ ಮಿಡಿಯುವ ನಾಲಗೆಪಟ್ಟಿ, ಬಾಯಿಯ ಬದಲಿಗೆ ಕೈಯಿಂದ ಒತ್ತಿ ಆಕಾರ ಬದಲಿಸಬಹುದಾದ ಕೊಳವೆ, ಇವು ಅದರ ಅಂಗಗಳು. ಇದನ್ನು ಓದುವಾಗ ನಮ್ಮ ವೈಯಾಕರಣರ ನೆನಪಾಗದಿರದು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ, ನಾಭಿಮೂಲದಿಂದ ಎದ್ದ ಗಾಳಿಯು ಕಹಳೆಯ ರೀತಿಯಲ್ಲಿ ಶಬ್ದವಾಗಿ ಹೊರಡುವುದೆಂದು ಹೇಳಿರುವನು. ಶಿಕ್ಷಾಗ್ರಂಥಗಳು ಆ ಗಾಳಿಯು ಕಂಠ, ತಾಲು, ಮೂರ್ಧ, ದಂತ, ಓಷ್ಠಗಳೆಂಬ ಸ್ಥಾನಗಳಲ್ಲಿ ತಡೆಯಲ್ಪಟ್ಟು ಬೇರೆ ಬೇರೆ ವರ್ಣಗಳಾಗುವ ಬಗೆಯನ್ನು ಕೂಲಂಕಷವಾಗಿ ವಿವರಿಸಿವೆ. ವಿಯೆನ್ನಾದವನು ಮರ ಚರ್ಮಗಳಿಂದ ಮಾಡಹೊರಟುದನ್ನು ನಮ್ಮವರು ಮಾತಿನಿಂದ ವಿಭಾಗಿಸಿ ಇಟ್ಟಿದ್ದರೆಂದು ಹೇಳಬಹುದು.

ಮುಂದೆ ವಿದ್ಯುಚ್ಛಕ್ತಿಯ ಯುಗವು ಬಂದಿತು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹೋಮರ್ ಡಡ್ಲಿಯು ರಚಿಸಿದ ವೋಡರ್ ಎಂಬ ಯಂತ್ರವು ೧೯೩೯ರ ನ್ಯೂಯಾರ್ಕ್ ವಿಶ್ವಪ್ರದರ್ಶನದಲ್ಲಿ ಜನರೊಡನೆ ಮಾತನಾಡಿತು. ಆದರೆ ಅದನ್ನು ಪಿಯಾನೋ ವಾದ್ಯದಂತೆ ಬೆರಳುಗಳಿಂದ ನುಡಿಸಲು ಬಹುಕಾಲ ಅಭ್ಯಾಸಮಾಡಿದ ಸ್ತ್ರೀಯರು ಬೇಕಾಗಿದ್ದರು. ಯಂತ್ರವು ತಾನಾಗಿ ಓದತೊಡಗಿದುದು ಗಣಕಯಂತ್ರಗಳು ಹುಟ್ಟಿದ ಮೇಲೆಯೇ. ಆ ಗಣಕಗಳೋ ಕೋಣೆ ತುಂಬುವಷ್ಟು ದೊಡ್ಡವು, ಅರಸರಿಗೂ ದುಬಾರಿಯಾದವು. ೧೯೭೮ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು ಮಕ್ಕಳಿಗೆ ಇಂಗ್ಲಿಷ್ ಕಾಗುಣಿತ ಕಲಿಸುವ ಆಟಿಕೆಯೊಂದನ್ನು ಹೊರತಂದಿತು. ಉಗುರಿನಷ್ಟು ಚಿಕ್ಕ ಸಿಲಿಕಾನ್ ಬಿಲ್ಲೆಯೊಂದು ಅದರೊಳಗೆ ಕುಳಿತು ಮಾತನಾಡುತ್ತಿದ್ದಿತು. ಅಗ್ಗದ ಯಂತ್ರಕ್ಕೂ ದನಿಯನ್ನು ಕೊಡಬಹುದೆಂಬುದಕ್ಕೆ ಅದೇ ಮೊದಲನೆಯ ದೊಡ್ಡ ನಿದರ್ಶನ. ಆದರೆ ಆ ದನಿಯು ಇಂಗ್ಲಿಷಿನದು. ಅದಕ್ಕೆ ಗೊತ್ತಿದ್ದುದು ಮೊದಲೇ ತುಂಬಿಟ್ಟ ಕೆಲವು ನೂರು ಮಾತುಗಳು ಮಾತ್ರ.

೩

ಈಗ ನಮ್ಮ ನಾಡಿಗೆ ಬರೋಣ. ೧೯೯೮ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ, ಬಡ ರಾಷ್ಟ್ರಗಳಿಗೆ ಮಾಹಿತಿತಂತ್ರಜ್ಞಾನವು ಹೇಗೆ ಉಪಯೋಗವಾದೀತೆಂಬುದನ್ನು ಕುರಿತು ಅಂತರರಾಷ್ಟ್ರೀಯ ವಿಚಾರಸಂಕಿರಣವೊಂದು ನಡೆಯಿತು. ಸಾಮಾನ್ಯ ಜನರಿಗೆ ಎಟುಕುವ ಬೆಲೆಯ, ಅವರ ಭಾಷೆಯಲ್ಲಿಯೇ ವ್ಯವಹರಿಸುವ ಸಣ್ಣ ಗಣಕವೊಂದು ಬೇಕೆಂಬ ವಿಚಾರವು ಅಲ್ಲಿ ರೂಪುಗೊಂಡಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಎಂಬ ನಾಲ್ವರೂ, ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮೊದಲಾದವರೂ ಕೂಡಿ ೧೯೯೯ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಎಂಬ ಲಾಭರಹಿತ ಸಂಸ್ಥೆಯನ್ನು ಸ್ಥಾಪಿಸಿದರು. ಸರಳ, ಸುಲಭಬೆಲೆಯ, ಬಹುಭಾಷೆಯ ಜನಗಣಕವೆಂಬುದು ಆ ಹೆಸರಿನ ಹಿಂದಿನ ಅರ್ಥವು. ೨೦೦೧ನೆಯ ಏಪ್ರಿಲ್ ೨೫ರಂದು ಅದರ ಮಾದರಿಯನ್ನು ಬೆಂಗಳೂರಿನಲ್ಲಿ ಲೋಕಕ್ಕೆ ತೋರಿಸಿದರು. ಗೊತ್ತುಮಾಡಿಕೊಂಡ ಬೆಲೆಯು ಸುಮಾರು ೯,೦೦೦ ರೂಪಾಯಿ. ಆಗಿನ ಮೇಜಿನ ಗಣಕದ ಬೆಲೆಗೆ ಹೋಲಿಸಿದರೆ ಅಲ್ಪವೇ ಸರಿ.

ಅಂಗೈಯಲ್ಲಿ ಹಿಡಿಯುವ ಈ ಯಂತ್ರಕ್ಕೆ ಕೀಲಿಮಣೆಯಿರಲಿಲ್ಲ. ಪರದೆಯನ್ನು ಕಡ್ಡಿಯಿಂದ ಮುಟ್ಟಿದರೆ ಕೆಲಸ ನಡೆಯುತ್ತಿದ್ದಿತು. ಊರಿನ ಪಂಚಾಯಿತಿಯೋ ಶಾಲೆಯೋ ಒಂದು ಯಂತ್ರವನ್ನು ಇಟ್ಟುಕೊಳ್ಳಬೇಕು, ಊರವರೆಲ್ಲರೂ ತಮ್ಮ ತಮ್ಮ ಸ್ಮಾರ್ಟ್ ಕಾರ್ಡನ್ನು ಅದರಲ್ಲಿಟ್ಟು ಬಳಸಬೇಕೆಂಬುದು ಅವರ ಏರ್ಪಾಡು. ಹಿಂದೆ ಊರಿಗೊಬ್ಬ ಗಮಕಿಯಿದ್ದ ಹಾಗೆ ಊರಿಗೊಂದು ಯಂತ್ರ! ಆದರೆ ೨೦೦೧ರ ಜನಗಣತಿಯಂತೆ ಕರ್ನಾಟಕದಲ್ಲಿ ಅಕ್ಷರಸ್ಥರು ನೂರಕ್ಕೆ ೬೬ಕ್ಕೆ ತುಸು ಮಿಗಿಲು. ಉಳಿದ ಮೂರನೆಯ ಒಂದು ಪಾಲಿನವರ ಕೈಗೆ ಪರದೆಯ ಮೇಲೆ ಅಕ್ಷರ ಮೂಡಿಸುವ ಯಂತ್ರವನ್ನು ಕೊಟ್ಟು ಫಲವೇನು? ಆದಕಾರಣ ಸಿಂಪ್ಯೂಟರಿಗೆ ಬಾಯಿಯು ಅಲಂಕಾರವಾಗಿರಲಿಲ್ಲ, ಅದು ಪ್ರಾಣವೇ ಆಗಿದ್ದಿತು. ಬಾಯಿಯಿಲ್ಲದಿದ್ದರೆ ಇಡೀ ಯೋಜನೆಯು ಓದಬಲ್ಲವರಿಗೇ ಮತ್ತೊಂದು ಪುಸ್ತಕವನ್ನು ಕೊಟ್ಟಂತಾಗುತ್ತಿದ್ದಿತು.

೪

ಇಷ್ಟು ಸಣ್ಣ ಯಂತ್ರಕ್ಕೆ ದನಿಯನ್ನು ಕೊಡುವುದರ ಕಷ್ಟವೇನೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ಗಣಕವು ಧ್ವನಿಯನ್ನು ಸಂಖ್ಯೆಗಳ ಸಾಲಾಗಿ ಇಟ್ಟುಕೊಳ್ಳುತ್ತದೆ. ಒಂದು ಸೆಕೆಂಡಿಗೆ ೧೬,೦೦೦ ಸಲ ಧ್ವನಿಯನ್ನು ಅಳೆದು, ಒಂದೊಂದು ಅಳತೆಗೆ ೨ ಬೈಟುಗಳಂತೆ ಇಟ್ಟರೆ, ಸೆಕೆಂಡಿಗೆ ೩೨,೦೦೦ ಬೈಟುಗಳಾಗುವವು. ಈ ಪ್ರಕಾರ ಒಂದು ತಾಸಿನ ಓದಿಗೆ ೧೧ ಕೋಟಿ ೫೨ ಲಕ್ಷ ಬೈಟುಗಳು ಬೇಕು. ಸಿಂಪ್ಯೂಟರಿನ ಮೊದಲ ಮಾದರಿಯ ಕೆಲಸದ ಸ್ಮೃತಿಯು ೩೨ ಮೆಗಾಬೈಟು, ಎಂದರೆ ಮೂರು ಕೋಟಿಗಿಂತ ಸ್ವಲ್ಪ ಹೆಚ್ಚು. ಅದರ ಮಿದುಳಾದ ಸ್ಟ್ರಾಂಗ್‌ಆರ್ಮ್ ಬಿಲ್ಲೆಗೆ ದಶಾಂಶದ ಗುಣಾಕಾರ ಭಾಗಾಕಾರಗಳನ್ನು ನೇರವಾಗಿ ಮಾಡುವ ಅಂಗವೇ ಇರಲಿಲ್ಲ. ಹೀಗಿರಲು ಮನುಷ್ಯನಿಂದ ಓದಿಸಿದ ಪುಸ್ತಕಗಳನ್ನು ಅದರೊಳಗೆ ತುಂಬುವಂತಿರಲಿಲ್ಲ. ದೊಡ್ಡ ಗಣಿತದಿಂದ ದನಿಯನ್ನು ಹೊಸದಾಗಿ ಸೃಷ್ಟಿಸುವುದೂ ಸುಲಭವಾಗಿರಲಿಲ್ಲ.

ಇಲ್ಲಿ ನೆರವಾದುದು ನಮ್ಮ ವರ್ಣಮಾಲೆಯೇ. ಕನ್ನಡದ ಮಾತುಗಳು ಅಸಂಖ್ಯಾತ. ಅವುಗಳನ್ನು ಕಟ್ಟುವ ದನಿಯ ತುಣುಕುಗಳು ಎಣಿಕೆಗೆ ಸಿಕ್ಕುವಷ್ಟೇ. ರಮೇಶ್ ಹರಿಹರನ್ ಅವರೂ ಅವರ ಸಂಗಡಿಗರೂ ಸಿಂಪ್ಯೂಟರಿಗಾಗಿ ಬರೆದ ಕ್ರಮವಿಧಿಗೆ ‘ಧ್ವನಿ’ ಎಂದು ಹೆಸರಿಟ್ಟರು. ಅದು ಹಿಡಿದ ದಾರಿಯು ಇದೇ. ಸ್ವರಗಳನ್ನು, ವ್ಯಂಜನವು ಮೊದಲಾಗಿ ಸ್ವರವು ಕಡೆಯಾದ ತುಣುಕುಗಳನ್ನು, ಸ್ವರವು ಮೊದಲಾಗಿ ವ್ಯಂಜನವು ಕಡೆಯಾದ ತುಣುಕುಗಳನ್ನು ಮನುಷ್ಯನ ಕಂಠದಿಂದ ನುಡಿಸಿ ಮುದ್ರಿಸಿಟ್ಟುಕೊಳ್ಳುವುದು. ಒತ್ತಕ್ಷರಗಳಿಗಾಗಿ ಅರ್ಧಾಕ್ಷರದ ದನಿಗಳನ್ನೂ ಇಟ್ಟುಕೊಳ್ಳುವುದು. ಓದಬೇಕಾದ ಮಾತು ಬಂದಾಗ ಬೇಕಾದ ತುಣುಕುಗಳನ್ನು ಆಯ್ದು ಒಂದರ ಮುಂದೊಂದು ಜೋಡಿಸುವುದು. ಕಮಲವೆಂಬ ಮಾತನ್ನು ತೆಗೆದುಕೊಳ್ಳಿರಿ. ಕಕಾರದಿಂದ ಅಕಾರದ ನಡುವಿನವರೆಗೆ ಒಂದು, ಆ ಅಕಾರದ ನಡುವಿನಿಂದ ಮಕಾರದವರೆಗೆ ಇನ್ನೊಂದು, ಮಕಾರದಿಂದ ಮುಂದಿನ ಅಕಾರಕ್ಕೆ ಮತ್ತೊಂದು, ಹೀಗೆ ಲಕಾರದ ತುದಿಯವರೆಗೆ ತುಣುಕುಗಳು ಕೂಡುತ್ತವೆ. ಬೆಸುಗೆಯು ಸ್ವರದ ನಡುವೆ, ದನಿಯು ನಿಶ್ಚಲವಾಗಿರುವೆಡೆಯಲ್ಲಿ ಬೀಳುವುದರಿಂದ ಕಿವಿಗೆ ಅಷ್ಟಾಗಿ ತಿಳಿಯುವುದಿಲ್ಲ. ರಬಕವಿ ಬನಹಟ್ಟಿಗಳ ನೇಕಾರರು ತೀರಿಹೋದ ಹಾಸಿನ ತುದಿಗೆ ಹೊಸ ಹಾಸಿನ ನೂಲನ್ನು ಎಳೆಯೆಳೆಯಾಗಿ ಸೇರಿಸುವುದನ್ನು ಕಂಡವರಿಗೆ ಈ ಕೆಲಸದ ಸೂಕ್ಷ್ಮವು ಬೇಗನೆ ಹೊಳೆಯುವುದು.

ಕಾಗದದ ಮೇಲೆ ಎಣಿಸಿ ನೋಡೋಣ. ಸ್ವರಗಳು ೧೨, ವ್ಯಂಜನಗಳು ೩೪ ಎಂದು ಹಿಡಿದರೆ, ವ್ಯಂಜನ ಸ್ವರಗಳ ಜೋಡಿಗಳು ೪೦೮, ಸ್ವರ ವ್ಯಂಜನಗಳ ಜೋಡಿಗಳು ೪೦೮. ಬಿಡಿ ಸ್ವರಗಳೊಡನೆ ಒಟ್ಟು ೮೨೮. ಒಂದೊಂದು ತುಣುಕು ಸೆಕೆಂಡಿನ ಐದನೆಯ ಒಂದು ಭಾಗವೆಂದರೆ ಇವೆಲ್ಲಕ್ಕೂ ಸುಮಾರು ೫೩ ಲಕ್ಷ ಬೈಟುಗಳು ಸಾಕು. ಕೈಫೋನುಗಳಲ್ಲಿ ದನಿಯನ್ನು ಸಾಗಿಸಲು ಬಳಸುತ್ತಿದ್ದ ಜಿ.ಎಸ್.ಎಂ. ಪದ್ಧತಿಯಿಂದ ಅದನ್ನು ಅಡಕಮಾಡಿದರೆ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿಯುವುದು. ‘ಧ್ವನಿ’ಯೂ ಆ ಪದ್ಧತಿಯನ್ನೇ ಆಶ್ರಯಿಸಿತು. ಒಂದು ತಾಸಿನ ಓದನ್ನು ಹಿಡಿಸಲಾರದ ಯಂತ್ರದಲ್ಲಿ ಎಷ್ಟು ತಾಸುಗಳ ಓದನ್ನಾದರೂ ಓದಬಲ್ಲ ಬಾಯಿಯು ಹೀಗೆ ಅಡಗಿತು. ಅಕ್ಷರಗಳನ್ನು ಸ್ಥಾನಕ್ರಮದಿಂದ ವರ್ಗವರ್ಗವಾಗಿ ಜೋಡಿಸಿದ ಪೂರ್ವಿಕರು ಯಂತ್ರವನ್ನು ಕನಸಿನಲ್ಲಿಯೂ ಕಂಡವರಲ್ಲ. ಅವರು ಮಾಡಿಟ್ಟ ಮಿತವ್ಯಯವು ಬಡವರ ಯಂತ್ರಕ್ಕೆ ಸಾವಿರಾರು ವರ್ಷಗಳ ಮೇಲೆ ಒದಗಿಬಂದಿತು.

೫

ಬರೆದಂತೆ ಓದುವ ಭಾಷೆಯಾದುದರಿಂದ ಕನ್ನಡಕ್ಕೆ ಇದೆಲ್ಲವೂ ಸುಲಭವೆಂದು ಕೆಲವರು ಹೇಳುವುದುಂಟು. ಇದು ಬಹುಮಟ್ಟಿಗೆ ನಿಜವೇ. ಇಂಗ್ಲಿಷಿನ ಬಟ್, ಪುಟ್ ಎಂಬ ಮಾತುಗಳಲ್ಲಿ ನಡುವಿನ ಅಕ್ಷರವು ಒಂದೇ, ದನಿಯು ಬೇರೆ. ಹಿಂದಿಯವರು ಕಮಲವೆಂದು ಬರೆದು ಕಮಲ್ ಎಂದು ನುಡಿಯುವರು. ಎಲ್ಲಿ ಅಕಾರವು ಲೋಪವಾಗಬೇಕೆಂಬುದನ್ನು ಅವರ ಯಂತ್ರಕ್ಕೆ ಬೇರೆಯಾಗಿ ಕಲಿಸಬೇಕು. ಕನ್ನಡದಲ್ಲಿ ಆ ತೊಡಕಿಲ್ಲ. ಸಿಂಪ್ಯೂಟರಿನ ದನಿಯು ಮೊದಲು ಕಲಿತ ಭಾಷೆಗಳಲ್ಲಿ ಹಿಂದಿಯೊಡನೆ ಕನ್ನಡವೂ ಸೇರಿದ್ದಿತು. ಭಾರತೀಯ ಭಾಷೆಗಳ ಈ ಸಮಾನಗುಣವನ್ನು ಅಂಧರಿಗಾಗಿ ಮೊದಲೇ ಉಪಯೋಗಿಸಿಕೊಂಡವರಿದ್ದರು. ೧೯೫೧ರಲ್ಲಿ ಅಂಗೀಕೃತವಾದ ಭಾರತೀ ಬ್ರೈಲ್ ಲಿಪಿಯಲ್ಲಿ, ಕನ್ನಡದ ಕಕಾರಕ್ಕೂ ಬಂಗಾಳಿಯ ಕಕಾರಕ್ಕೂ ತಮಿಳಿನ ಕಕಾರಕ್ಕೂ ಒಂದೇ ಚುಕ್ಕೆಗಳ ಗುರುತು. ‘ಧ್ವನಿ’ಯೂ ಇದೇ ನೀತಿಯನ್ನು ಅನುಸರಿಸಿತು: ಅಕ್ಷರಗಳನ್ನು ದನಿಗಳಾಗಿ ಬಿಡಿಸುವ ಮುಂಭಾಗವು ಭಾಷೆಗೊಂದೊಂದು, ದನಿಗಳನ್ನು ಬೆಸೆದು ಹೊರಡಿಸುವ ಹಿಂಭಾಗವು ಎಲ್ಲಕ್ಕೂ ಒಂದೇ.

ಆದರೂ ಕನ್ನಡವೂ ಯಂತ್ರವನ್ನು ಪರೀಕ್ಷಿಸದೆ ಬಿಡುವುದಿಲ್ಲ. ಅನುಸ್ವಾರವೆಂಬ ಸೊನ್ನೆಯೊಂದೇ ಅಂಕದಲ್ಲಿ ಙಕಾರವಾಗಿ, ಸಂಜೆಯಲ್ಲಿ ಞಕಾರವಾಗಿ, ಪಂಡಿತನಲ್ಲಿ ಣಕಾರವಾಗಿ, ಕಂದನಲ್ಲಿ ನಕಾರವಾಗಿ, ಕಂಬದಲ್ಲಿ ಮಕಾರವಾಗಿ ನುಡಿಯುವುದು. ಪಾಣಿನಿಯು ವಿಧಿಸಿದ ಪರಸವರ್ಣವನ್ನು ಯಂತ್ರಕ್ಕೂ ಪಾಠಹೇಳಲೇಬೇಕು. ಬ್ರಹ್ಮ, ಚಿಹ್ನೆ ಎಂಬಲ್ಲಿ ಹಕಾರವು ಮೊದಲೆಂದು ಬರೆದರೂ ಹೆಚ್ಚಿನ ಕನ್ನಡಿಗರು ಅದನ್ನು ಹಿಂದೆ ಸರಿಸಿ ನುಡಿಯುವರು. ‘ರೂ.’ ಎಂಬುದನ್ನು ರೂಪಾಯಿಯೆಂದೂ, ‘ಕ್ರಿ. ಶ. ೯೯೩’ ಎಂಬುದನ್ನು ಕ್ರಿಸ್ತ ಶಕ ಒಂಬೈನೂರ ತೊಂಬತ್ತಮೂರು ಎಂದೂ ಬಿಡಿಸಿ ಓದಬೇಕು. ಇನ್ನು ಹಳಗನ್ನಡದ ಸಂಗತಿಯು ಬೇರೆಯೇ. ೞಕಾರ ಱಕಾರಗಳು ನಮ್ಮ ಬಾಯಿಯಿಂದಲೇ ಮರೆಯಾಗಿ ಎಷ್ಟೋ ಶತಮಾನಗಳಾದವು. ‘ನೆಗೞ್ದ’ ಎಂಬಂತಹ ಮಾತುಗಳಲ್ಲಿ ಒತ್ತಕ್ಷರವಿದ್ದರೂ ಹಿಂದಿನ ಅಕ್ಷರವು ಗುರುವಾಗದ ಶಿಥಿಲದ್ವಿತ್ವವನ್ನು ಕೇಶಿರಾಜನು ಎಚ್ಚರದಿಂದ ತಿಳಿಸಿರುವನು. ಬರವಣಿಗೆಯಲ್ಲಿ ಅದಕ್ಕೆ ಯಾವ ಗುರುತೂ ಇಲ್ಲ. ರನ್ನನ ಪದ್ಯವನ್ನು ಛಂದಸ್ಸು ಕೆಡದಂತೆ ಓದಬೇಕಾದರೆ ಯಂತ್ರವು ಅಕ್ಷರಗಳನ್ನಷ್ಟೇ ಅಲ್ಲ, ವ್ಯಾಕರಣವನ್ನೂ ಬಲ್ಲುದಾಗಿರಬೇಕು.

ಮತ್ತೊಂದು ತೊಡಕು ಕಣ್ಣಿಗೆ ಕಾಣದಂತಹುದು. ಆ ದಿನಗಳಲ್ಲಿ ಗಣಕದಲ್ಲಿ ಅಚ್ಚುಜೋಡಿಸಿದ ಕನ್ನಡದ ಬಹುಭಾಗವು ಅಕ್ಷರದ ಸಂಕೇತಗಳಿಂದಲ್ಲ, ಆಕಾರದ ಸಂಕೇತಗಳಿಂದ ಸಂಗ್ರಹವಾಗಿದ್ದಿತು. ಅರ್ಕಾವೊತ್ತನ್ನಿಟ್ಟು ‘ಸರ್ವ’ ಎಂದು ಬರೆದರೆ ಕಣ್ಣಿಗೆ ಸಕಾರ, ವಕಾರ, ಆ ಮೇಲೆ ರೇಫದ ಗುರುತು ಕಾಣುವವು. ಆಕಾರದ ಕ್ರಮದಲ್ಲಿಯೇ ಅದನ್ನು ಸಂಗ್ರಹಿಸಿಟ್ಟರೆ ಪರದೆಯ ಮೇಲೆ ನೆಟ್ಟಗೆ ಕಾಣುವುದು. ಆದರೆ ಓದುವ ಯಂತ್ರವು ಅದನ್ನು ‘ಸವರ್’ ಎನ್ನುವುದು! ೧೯೯೧ರಲ್ಲಿ ಭಾರತ ಸರ್ಕಾರದ ಐ.ಎಸ್.ಸಿ.ಐ.ಐ. ಸಂಕೇತವು ಪ್ರಮಾಣವಾಯಿತು, ಅದೇ ವರ್ಷ ಲೋಕದ ಎಲ್ಲ ಲಿಪಿಗಳಿಗಾಗಿ ಹೊರಟ ಯೂನಿಕೋಡಿನಲ್ಲಿಯೂ ಕನ್ನಡಕ್ಕೆ ಸ್ಥಾನವು ದೊರೆಯಿತು. ಇವೆರಡೂ ಅಕ್ಷರವನ್ನು ನುಡಿಯುವ ಕ್ರಮದಲ್ಲಿ ಇಡತಕ್ಕವು. ಆದರೆ ರೂಢಿಯು ಬದಲಾಗಲು ಬಹಳ ವರ್ಷಗಳು ಹಿಡಿದವು. ಬಾಯಿ ಸಿದ್ಧವಾಗಿದ್ದರೂ ಅದಕ್ಕೆ ತಿಳಿಯುವಂತೆ ಬರೆದ ಪುಸ್ತಕಗಳು ವಿರಳವಾಗಿದ್ದವು.

೬

ಯಂತ್ರದ ಮುಂದಿನ ಗತಿಯನ್ನು ಸಂಕ್ಷೇಪವಾಗಿ ಹೇಳುವೆವು. ೨೦೦೪ನೆಯ ಏಪ್ರಿಲ್ ತಿಂಗಳಲ್ಲಿ ಪ್ರಾಧ್ಯಾಪಕರೇ ಕಟ್ಟಿದ ಪಿಕೋಪೆಟಾ ಕಂಪನಿಯು, ಸರ್ಕಾರದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾದ ಅಮಿಡಾ ಸಿಂಪ್ಯೂಟರನ್ನು ಮಾರಾಟಕ್ಕೆ ತಂದಿತು. ಕಡಿಮೆ ದರ್ಜೆಯದರ ಬೆಲೆಯು ಹತ್ತು ಸಾವಿರಕ್ಕೆ ಹತ್ತಿರವ, ಬಣ್ಣದ ಪರದೆಯುಳ್ಳದು ಅದಕ್ಕಿಂತ ಬಹಳ ಹೆಚ್ಚು. ಕರ್ನಾಟಕ ಸರ್ಕಾರವು ಭೂದಾಖಲೆಗಳ ಕೆಲಸದಲ್ಲಿ ಅದನ್ನು ಬಳಸಿತು. ಛತ್ತೀಸಗಢದ ಶಾಲೆಗಳಲ್ಲಿಯೂ ಪ್ರಯೋಗಗಳು ನಡೆದವು. ಪರದೇಶದ ಪತ್ರಿಕೆಗಳು ಹೊಗಳಿದವು. ಆದರೆ ಮಾರಾಟವಾದುದು ಕೆಲವೇ ಸಾವಿರ. ಲಕ್ಷಗಟ್ಟಲೆ ತಯಾರಾದರೆ ಮಾತ್ರ ಇಳಿಯತಕ್ಕ ಬೆಲೆಯು ಸಾವಿರಗಟ್ಟಲೆ ತಯಾರಿಕೆಯಲ್ಲಿ ಇಳಿಯಲಿಲ್ಲ. ಯೋಚನೆಗೂ ಮಾರಾಟಕ್ಕೂ ನಡುವೆ ಐದಾರು ವರ್ಷಗಳು ಕಳೆದಿದ್ದವು. ಅಷ್ಟರಲ್ಲಿ ಕೈಫೋನುಗಳ ಬೆಲೆಯು ಬಿದ್ದು ಅವು ಹಳ್ಳಿಹಳ್ಳಿಗೂ ನುಗ್ಗಿದವು. ಊರಿಗೆ ಒಂದೆಂಬ ಯಂತ್ರಕ್ಕೆ, ಅದನ್ನು ಕೊಂಡು ಕಾಪಾಡಿ ದಿನವೂ ಬಳಸುವ ಊರಿನ ಸಂಸ್ಥೆಯೂ ಬೇಕಷ್ಟೆ. ಅಂತಹ ಸಂಸ್ಥೆಗಳನ್ನು ಯಾರೂ ಕಟ್ಟಲಿಲ್ಲ. ಕೆಲವು ವರ್ಷಗಳಲ್ಲಿ ಸಿಂಪ್ಯೂಟರ್ ಮರೆಯಾಯಿತು.

ಯಂತ್ರವು ಹೋದರೂ ದನಿಯು ಹೋಗಲಿಲ್ಲ ಎಂಬುದೇ ಈ ಚರಿತ್ರೆಯ ಮುಖ್ಯಾಂಶವು. ‘ಧ್ವನಿ’ಯನ್ನು ಅದರ ಕರ್ತೃಗಳು ಪೆಟ್ಟಿಗೆಯಲ್ಲಿಟ್ಟು ಬೀಗಹಾಕಲಿಲ್ಲ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು, ತಿದ್ದಿದುದನ್ನು ಹಂಚುವವರು ಅದೇ ಸ್ವಾತಂತ್ರ್ಯವನ್ನು ಇತರರಿಗೂ ಕೊಡಬೇಕೆಂಬ ಮುಕ್ತ ಪರವಾನಗಿಯ ಮೇರೆಗೆ ಅದನ್ನು ಲೋಕಕ್ಕೆ ಬಿಟ್ಟುಕೊಟ್ಟಿದ್ದರು. ಕೇರಳದ ಸಂತೋಷ್ ತೋಟ್ಟಿಂಗಲ್ ಎಂಬ ತರುಣರು ಅದನ್ನು ಎತ್ತಿಕೊಂಡು, ಯೂನಿಕೋಡಿಗೆ ಹೊಂದಿಸಿ, ಮಲೆಯಾಳವನ್ನೂ ಇತರ ಭಾಷೆಗಳನ್ನೂ ಸೇರಿಸುತ್ತ ಬೆಳೆಸಿದರು. ೨೦೦೮ರಲ್ಲಿ ಆ ಕಾರ್ಯಕ್ಕೆ ಫಾಸ್ ಇಂಡಿಯಾ ಪುರಸ್ಕಾರವು ಸಂದಿತು. ಬೆಂಗಳೂರಿನ ಅಂಗೈಯಂತ್ರಕ್ಕಾಗಿ ಹುಟ್ಟಿದ ದನಿಯು ಆ ಯಂತ್ರವು ಮರೆಯಾದ ಮೇಲೂ ಸಾಧಾರಣ ಗಣಕಗಳಲ್ಲಿ ಓದುತ್ತಿದ್ದಿತು. ಇದನ್ನು ನಮ್ಮ ಕಾಲದ ಶಾಸ್ತ್ರದಾನವೆಂದು ಕರೆಯಲು ನಮಗೆ ಸಂಕೋಚವಿಲ್ಲ. ಓಲೆಯ ಪ್ರತಿಯು ಇನ್ನೊಂದು ಪ್ರತಿಗೆ ತಾಯಿಯಾಗುವಂತೆ ಈ ದಾನವೂ ದಾನವನ್ನೇ ಹೆರುವುದು.

೭

ಇದೇ ಸುಮಾರಿಗೆ ಇಂಗ್ಲೆಂಡಿನಲ್ಲಿ ಮತ್ತೊಂದು ದನಿಯು ಬೆಳೆಯುತ್ತಿದ್ದಿತು. ಜೊನಾಥನ್ ಡಡಿಂಗ್‌ಟನ್ ಎಂಬವರು ೧೯೯೫ರಲ್ಲಿ ಏಕಾರ್ನ್ ಎಂಬ ಸಣ್ಣ ಗಣಕಕ್ಕಾಗಿ ಆರಂಭಿಸಿದ ಕೆಲಸವು ೨೦೦೬ರ ಹೊತ್ತಿಗೆ ಇಸ್ಪೀಕ್ ಎಂಬ ಹೆಸರಿನಿಂದ, ಇದೂ ಮುಕ್ತವಾಗಿ, ಹೊರಬಂದಿತು. ಇದು ತುಣುಕುಗಳನ್ನು ಬೆಸೆಯುವುದಿಲ್ಲ. ಬಾಯಿಯ ಆಕಾರಕ್ಕೆ ತಕ್ಕಂತೆ ದನಿಯಲ್ಲಿ ಎದ್ದುಕಾಣುವ ಕಂಪನಗಳನ್ನು ಗಣಿತದಿಂದಲೇ ಹುಟ್ಟಿಸುವುದು. ಕೆಂಪೆಲೆನ್ನನ ಚರ್ಮದ ಬಾಯಿಯು ಇಲ್ಲಿ ಅಂಕಿಗಳ ಬಾಯಿಯಾಗಿದೆ. ಮನುಷ್ಯಕಂಠದ ಮುದ್ರಣವೇ ಬೇಡವಾದುದರಿಂದ ಹಲವಾರು ಭಾಷೆಗಳು ಕೂಡಿದರೂ ಅದರ ಗಾತ್ರವು ಸುಮಾರು ೨ ಮೆಗಾಬೈಟನ್ನು ಮೀರಲಿಲ್ಲ. ಆ ಭಾಷೆಗಳಲ್ಲಿ ಕನ್ನಡವೂ ಒಂದಾಯಿತು. ದನಿಯು ಲೋಹದ ತಗಡಿನಂತೆ ಒರಟು. ಆದರೆ ಅಕ್ಷರವು ಸ್ಪಷ್ಟ. ಆಸ್ಟ್ರೇಲಿಯದ ಮೈಕೇಲ್ ಕರನ್, ಜೇಮ್ಸ್ ಟೆ ಎಂಬ ಅಂಧ ತರುಣರಿಬ್ಬರು ೨೦೦೬ರಿಂದ ಬೆಳೆಸಿದ ಎನ್.ವಿ.ಡಿ.ಎ. ಎಂಬ ಪರದೆವಾಚಕವು ಬೆಲೆಯಿಲ್ಲದೆ ದೊರೆಯುವುದು. ಅದರೊಡನೆ ಬಂದ ದನಿಯೂ ಇದೇ. ಕಣ್ಣಿಲ್ಲದವರು ತಮ್ಮಂತಹವರಿಗಾಗಿ ತಾವೇ ಮಾಡಿಕೊಂಡ ಉಪಕಾರವಿದು.

೨೦೧೨ರ ಫೆಬ್ರವರಿ ೨೯ರಂದು ಇಂಗ್ಲೆಂಡಿನ ಕೇಂಬ್ರಿಜಿನಿಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಹಲಗೆಗಣಕವು ೩೫ ಡಾಲರುಗಳ ಬೆಲೆಗೆ ಹೊರಬಿದ್ದಿತು. ಸಿಂಪ್ಯೂಟರಿನವರು ಬಯಸಿದ ಅಗ್ಗವು ಕಡೆಗೂ ಕೈಗೂಡಿತೆನ್ನಬಹುದು. ಇಂತಹ ಹಲಗೆಯಿಂದ ಕನ್ನಡವನ್ನು ಓದಿಸಲು ದನಿಯ ಕ್ರಮವಿಧಿಯೊಂದನ್ನು ಹಾಕಿದರೆ ಸಾಲದು. ದನಿಯು ಪರದೆಗೆ ಹೋಗುವ ತಂತಿಯಲ್ಲಿಯೇ ಹೊರಟುಹೋಗಿ ಕಿವಿಗೆ ಕೇಳಿಸದಿರಬಹುದು. ಅದನ್ನು ಸ್ಪೀಕರಿನ ದಾರಿಗೆ ತಿರುಗಿಸಬೇಕು. ಕೆಲವು ಮಾದರಿಗಳಲ್ಲಿ ಸ್ಪೀಕರಿನ ರಂಧ್ರವೇ ಇಲ್ಲ, ಆಗ ಯು.ಎಸ್.ಬಿ. ಸ್ಪೀಕರನ್ನು ಸಿಕ್ಕಿಸಬೇಕು. ವಿದ್ಯುತ್ತು ಸಾಲದಿದ್ದರೆ ದನಿಯು ಕಡಿಕಡಿದು ಬರುವುದು. ಕಡತವು ಯೂನಿಕೋಡಿನಲ್ಲಿರಬೇಕು, ಭಾಷೆಯು ಕನ್ನಡವೆಂದು ಯಂತ್ರಕ್ಕೆ ಹೇಳಬೇಕು, ಇಲ್ಲದಿದ್ದರೆ ಅದು ಇಂಗ್ಲಿಷಿನವರ ಬಾಯಿಯಿಂದ ಕನ್ನಡವನ್ನು ನುಡಿಯಹೋಗಿ ಕೆಡಿಸುವುದು. ಹೈಸ್ಕೂಲಿನ ಹುಡುಗರು ಒಂದು ಮಧ್ಯಾಹ್ನದಲ್ಲಿ ಇದನ್ನೆಲ್ಲ ಸರಿಪಡಿಸಬಲ್ಲರು. ೧೯೯೮ರಲ್ಲಿ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರ ಸಾಹಸವಾಗಿದ್ದುದು ಇಂದು ಶಾಲೆಯ ಹುಡುಗರ ಕೈಕೆಲಸವಾಗಿದೆ.

ಅದೇ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಶಾಲೆಯವರು ಕನ್ನಡ ತಮಿಳುಗಳಿಗೆ ಮನುಷ್ಯಕಂಠಕ್ಕೆ ಹೆಚ್ಚು ಸಮೀಪವಾದ ವಾಚನವಿಧಾನವನ್ನೂ, ಅಚ್ಚಾದ ಕನ್ನಡ ಪುಟದ ಚಿತ್ರವನ್ನು ನೋಡಿ ಅಕ್ಷರಗಳನ್ನು ಗುರುತಿಸುವ ‘ಲಿಪಿ ಜ್ಞಾನಿ’ಯನ್ನೂ ಸಿದ್ಧಪಡಿಸಿರುವರು. ಹಳೆಯ ಪುಸ್ತಕವನ್ನು ಕಣ್ಣಾಗಿ ನೋಡುವುದೊಂದು, ಬಾಯಾಗಿ ಓದುವುದಿನ್ನೊಂದು. ಇವೆರಡೂ ಕೂಡಿದರೆ ಅಂಧ ವಿದ್ಯಾರ್ಥಿಗೆ ಇಡೀ ಗ್ರಂಥಭಂಡಾರದ ಬಾಗಿಲು ತೆರೆದಂತಾಗುವುದು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಬಾಲಕರಿಗೆ ಕಿವಿಯ ಮೂಲಕವೇ ಸಂಗೀತವಿದ್ಯೆಯನ್ನು ಧಾರೆಯೆರೆದುದನ್ನು ಬಲ್ಲ ನಮ್ಮ ಭಾಗದವರಿಗೆ, ಕಿವಿಯೂ ವಿದ್ಯೆಯ ಹೆದ್ದಾರಿಯೆಂಬುದನ್ನು ವಿವರಿಸಬೇಕಾಗಿಲ್ಲ.

೮

ಯಂತ್ರದ ಓದನ್ನು ತೂಗಿನೋಡಲು ನಮ್ಮ ಪಾಠಶಾಲೆಗಳಲ್ಲಿ ಹಿಂದಿನಿಂದಲೂ ಒಂದು ತಕ್ಕಡಿಯುಂಟು. ಪಾಣಿನೀಯ ಶಿಕ್ಷೆಯು ಆರು ಬಗೆಯ ಅಧಮ ಪಾಠಕರನ್ನು ಹೇಳುತ್ತದೆ: ಹಾಡಿದಂತೆ ಓದುವವನು, ಅವಸರದಿಂದ ಓದುವವನು, ತಲೆಯಲ್ಲಾಡಿಸುವವನು, ಬರೆದುದನ್ನು ನೋಡಿಯೇ ಓದುವವನು, ಅರ್ಥವನ್ನರಿಯದವನು, ಕಂಠಬಲವಿಲ್ಲದವನು. ನಮ್ಮ ಯಂತ್ರವು ಹಾಡುವುದಿಲ್ಲ, ತಲೆಯಲ್ಲಾಡಿಸುವುದೂ ಇಲ್ಲ. ಅವಸರವನ್ನೂ ಕಂಠವನ್ನೂ ಬೇಕಾದಂತೆ ಹೆಚ್ಚುಕಡಿಮೆ ಮಾಡಬಹುದು. ನಾಲ್ಕು ದೋಷಗಳಿಂದ ಅದು ಪಾರಾಯಿತು. ಉಳಿದೆರಡು ದೋಷಗಳು ಅದರ ಹುಟ್ಟುಗುಣಗಳೇ ಆಗಿವೆ. ಬರೆದುದನ್ನು ನೋಡಿಯೇ ಅದು ಓದಬೇಕು. ಓದಿದುದರ ಅರ್ಥವು ಅದಕ್ಕೆ ತಿಳಿಯದು. ದುರ್ಯೋಧನನ ಶೋಕವನ್ನೂ ಪಹಣಿಪತ್ರಿಕೆಯನ್ನೂ ಒಂದೇ ಧಾಟಿಯಲ್ಲಿ ಓದುವುದು. ಇಂದಿನ ದೊಡ್ಡ ಗಣಕಗಳಲ್ಲಿ ತರಬೇತಾದ ಹೊಸ ದನಿಗಳು ಏರಿಳಿತಗಳನ್ನೂ ಅನುಕರಿಸುತ್ತಿರುವುದು ನಿಜವಾದರೂ, ಗಮಕಿಯ ಬದಲು ಯಂತ್ರವನ್ನು ಕೂರಿಸಬೇಕೆಂದು ನಾವು ಹೇಳುವುದಿಲ್ಲ. ಗಮಕಿಯಿರುವೆಡೆಯಲ್ಲಿ ಗಮಕಿಯೇ ಓದಲಿ. ಆದರೆ ರಾತ್ರಿ ಹತ್ತು ಗಂಟೆಗೆ ಪರೀಕ್ಷೆಗೆ ಓದುವ ಅಂಧ ಬಾಲಕಿಯ ಬಳಿಯಲ್ಲಿ ಗಮಕಿಯು ಕುಳಿತಿರುವನೇ? ಪಂಚಾಯಿತಿಯಿಂದ ಬಂದ ನೋಟೀಸನ್ನು ಓದಿಸಿಕೊಳ್ಳಲು ಅಕ್ಷರಬಾರದ ಮುದುಕಿಯು ಯಾರ ಮನೆಯ ಬಾಗಿಲಿಗೆ ಹೋಗಬೇಕು? ತನ್ನ ಕಾಗದವನ್ನು ಮತ್ತೊಬ್ಬರಿಂದ ಓದಿಸಿಕೊಳ್ಳುವವನಿಗೆ ಗುಟ್ಟೆಂಬುದಿಲ್ಲ. ಅರ್ಥವರಿಯದ ಯಂತ್ರವು ಆ ಗುಟ್ಟನ್ನಾದರೂ ಕಾಯುವುದು. ಶಿಕ್ಷಾಕಾರರ ಐದನೆಯ ದೋಷವು ಇಲ್ಲಿ ಗುಣವಾಗಿ ಪರಿಣಮಿಸಿರುವುದು ವಿಚಿತ್ರವಲ್ಲವೆ!

ಇಂದು ಕೈಫೋನುಗಳಲ್ಲಿಯೂ ಕನ್ನಡವನ್ನೋದುವ ಇಂಪಾದ ದನಿಗಳುಂಟು. ಅವುಗಳಿಂದ ಆಗುತ್ತಿರುವ ಉಪಕಾರವು ದೊಡ್ಡದು. ಆದರೆ ಅವುಗಳ ಒಡೆತನವು ದೂರದ ಕಂಪನಿಗಳದು. ತಪ್ಪಾಗಿ ನುಡಿದ ಮಾತನ್ನು ತಿದ್ದುವ ಅಧಿಕಾರವು ನಮಗಿಲ್ಲ, ನಾಳೆ ಅವರು ಹಿಂತೆಗೆದುಕೊಂಡರೆ ಕೇಳುವ ಹಕ್ಕೂ ಇಲ್ಲ. ಒರಟಾದರೂ ನಮ್ಮ ಕೈಯಲ್ಲಿರುವ ಮುಕ್ತವಾದ ದನಿಯೊಂದು ಉಳಿದು ಬೆಳೆಯಬೇಕೆಂಬುದನ್ನು ಸಿಂಪ್ಯೂಟರಿನ ಕಥೆಯೇ ಸಾರುತ್ತಿದೆ. ಯಂತ್ರಗಳು ಹತ್ತು ವರ್ಷ ಬಾಳುವವು. ಬಿಟ್ಟುಕೊಟ್ಟ ವಿದ್ಯೆಯು ಅವುಗಳಿಗಿಂತ ಹೆಚ್ಚು ಬಾಳುವುದು.

ನಮ್ಮಂತಹ ಜಿಲ್ಲೆಯ ಸಾಹಿತ್ಯಸಂಘಗಳು ಇಲ್ಲಿ ಮಾಡಬಹುದಾದ ಕೆಲಸಗಳು ಎರಡಿವೆ. ಎರಡಕ್ಕೂ ಹೆಚ್ಚಿನ ಹಣವು ಬೇಡ. ಸಂಘವು ಅಚ್ಚುಹಾಕಿಸುವ ಪ್ರತಿಯೊಂದು ಪುಸ್ತಕ, ಪತ್ರಿಕೆಯ ಮೂಲಪ್ರತಿಯನ್ನೂ ಯೂನಿಕೋಡಿನಲ್ಲಿ ಕಾದಿಡುವುದು ಮೊದಲನೆಯದು. ಆಕಾರದ ಸಂಕೇತಗಳಲ್ಲಿರುವ ಹಳೆಯ ಕಡತಗಳನ್ನೂ ಪರಿವರ್ತಿಸಿದರೆ ಅವುಗಳಿಗೂ ಬಾಯಿ ಬರುವುದು. ಅಕ್ಷರಶುದ್ಧಿಯುಳ್ಳ ನಮ್ಮ ಭಾಗದ ಗಮಕಿಗಳಿಂದಲೂ ಶಿಕ್ಷಕಿಯರಿಂದಲೂ ಹಳಗನ್ನಡ ಹೊಸಗನ್ನಡಗಳೆರಡನ್ನೂ ಓದಿಸಿ, ಆ ಮುದ್ರಣಗಳನ್ನು ಮುಕ್ತ ಪರವಾನಗಿಯಿಂದ ಬಿಟ್ಟುಕೊಡುವುದು ಎರಡನೆಯದು. ಮುಂದೆ ಯಂತ್ರಗಳಿಗೆ ಕನ್ನಡವನ್ನು ಕಲಿಸುವವರು, ಉತ್ತರ ಕರ್ನಾಟಕದ ಬಾಯಿಯೂ ಕನ್ನಡದ ಬಾಯಿಯೇ ಎಂಬುದನ್ನು ಆಗ ಮರೆಯಲಾರರು. ಕಂಠದಾನವೂ ಶಾಸ್ತ್ರದಾನದ ಒಂದು ಭೇದವೆಂದು ತಿಳಿದು, ಅತ್ತಿಮಬ್ಬೆಯನ್ನು ಕೊಂಡಾಡಿದ ಕವಿಯ ಊರಿನವರಾದ ನಾವೇ ಇದಕ್ಕೆ ಮೊದಲು ಮುಂದಾಗುವುದು ಉಚಿತವಾಗಿದೆ.